ಹಳೆ ಕೋಡಿನಿಂದಾಗಿ ಸಾಲಗಾರರಿಗೆ ಬಡ್ಡಿ ಜಾಸ್ತಿ ಬಿದ್ದಿದೆ: ಸೊಸೈಟಿಗೆ ಹೇಳಬೇಕಾ, ಸುಮ್ನಿರಬೇಕಾ?

ನೀರ್ಚಾಲು ಡೆವಲಪರ್
ನಮಸ್ಕಾರ ಎಲ್ಲರಿಗೂ. ನಾನು ಮಂಗಳೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಸಹಕಾರಿ ಸೊಸೈಟಿಗಳ ಸಾಲ, ಠೇವಣಿ, ಚಿನ್ನದ ಸಾಲ ಎಲ್ಲದರ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ನಮ್ಮ ಕಾಸರಗೋಡು ಕಡೆಯ ಕೆಲವು ಸೊಸೈಟಿಗಳಲ್ಲೂ ಉಂಟು. ಹೆಸರು ಮಾತ್ರ ಕೇಳಬೇಡಿ, ಹೇಳುವುದಿಲ್ಲ.

ಈಚೆಗೆ ಚಿನ್ನದ ಸಾಲಕ್ಕೆ ಒಂದು ಹೊಸ ರಿಪೋರ್ಟ್ ಮಾಡಲು ಕೊಟ್ಟರು. ಅದಕ್ಕಾಗಿ ಬಡ್ಡಿ ಲೆಕ್ಕದ ಹಳೆ ಕೋಡ್ ತೆರೆದೆ. ಬರೆದವರು ಕಂಪನಿ ಬಿಟ್ಟು ಎಷ್ಟೋ ವರ್ಷ ಆಗಿದೆ. ದಿನ ಎಣಿಸುವ ಜಾಗದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಕೊನೆಯ ತಾರೀಕಿನಿಂದ ಮೊದಲ ತಾರೀಕು ಕಳೆದು, ಅದಕ್ಕೆ ಒಂದು ಕೂಡಿಸಿದ್ದಾರೆ. ಅಂದರೆ ಸಾಲ ತೆಗೆದ ದಿನಕ್ಕೂ ಬಡ್ಡಿ, ಕಟ್ಟಿದ ದಿನಕ್ಕೂ ಬಡ್ಡಿ.

ಒಂದು ದಿನ ತಾನೇ ಅನ್ನಬಹುದು. ಆದರೆ ನಡು ನಡುವೆ ಸ್ವಲ್ಪ ಸ್ವಲ್ಪ ಕಟ್ಟುವವರನ್ನು ನೋಡಿ. 2 ಲಕ್ಷ ಸಾಲ, ಶೇಕಡಾ 9 ಬಡ್ಡಿ ಅಂದರೆ ದಿನಕ್ಕೆ 49 ರೂಪಾಯಿ ಚಿಲ್ಲರೆ. ಜೂನ್ 1ಕ್ಕೆ ತೆಗೆದವರು ಜುಲೈ 1ಕ್ಕೆ ಬಡ್ಡಿ ಜೊತೆ 10 ಸಾವಿರ ಅಸಲು ಕಟ್ಟಿದರೆ 30 ದಿನದ ಬಡ್ಡಿ ಬರಬೇಕು. ನಮ್ಮ ಸಾಫ್ಟ್‌ವೇರ್ 31 ದಿನ ಹಿಡಿಯುತ್ತದೆ. ಉಳಿದ ಅಸಲಿನ ಲೆಕ್ಕ ಮತ್ತೆ ಜುಲೈ 1ರಿಂದಲೇ ಶುರು. ಜುಲೈ 1 ಎರಡು ಸಲ ಬಂತು ನೋಡಿ. ಪ್ರತಿ ಸಲ ಕಟ್ಟಿದಾಗಲೂ ಇದೇ. ವರ್ಷದ ಕೊನೆಗೆ ಒಂದೇ ಸಲ ಕಟ್ಟಿ ಚಿನ್ನ ಬಿಡಿಸಿಕೊಂಡವರಿಗೆ 49 ರೂಪಾಯಿ ಹೋಯಿತು. ತಿಂಗಳು ತಿಂಗಳು 10 ಸಾವಿರ ಕಟ್ಟಿದವರಿಗೆ ಅದೇ ವರ್ಷದಲ್ಲಿ 429 ರೂಪಾಯಿ ಹೋಗುತ್ತದೆ. ಕಷ್ಟಪಟ್ಟು, ತಪ್ಪದೆ ಕಟ್ಟುವವರಿಗೇ ಹೊಡೆತ ಜಾಸ್ತಿ.

ಮ್ಯಾನೇಜರಿಗೆ ತೋರಿಸಿದೆ. ಅವರು ಒಪ್ಪಿದರು, ತಪ್ಪೇ ಅಂತ. ಆಮೇಲೆ ಹೇಳಿದ್ದು ಇಷ್ಟು: ಮುಂದಿನ ವರ್ಷನ್‌ನಲ್ಲಿ ಸುಮ್ನೆ ಸರಿ ಮಾಡು, ಏನೇನು ಬದಲಾಯಿತು ಎಂದು ಗ್ರಾಹಕರಿಗೆ ಕೊಡುವ ರಿಲೀಸ್ ನೋಟಿನಲ್ಲಿ ಬರೆಯಬೇಡ, ಸೊಸೈಟಿಯವರು ಕೇಳಿಲ್ಲ, ನಾವಾಗಿ ಹೇಳುವುದು ಬೇಡ. ಸೇರುವಾಗ ಎನ್‌ಡಿಎಗೆ, ಅಂದರೆ ಕಂಪನಿಯ ಗುಟ್ಟು ಹೊರಗೆ ಹೇಳುವುದಿಲ್ಲ ಎಂಬ ಕರಾರಿಗೆ, ಸಹಿ ಹಾಕಿದ್ದೇನೆ. ಮುಂದಕ್ಕೆ ಸರಿಯಾಗುತ್ತದೆ, ಸರಿ. ಇಷ್ಟು ವರ್ಷ ಹೋದ ದುಡ್ಡು? ನಾನು ಏನು ಮಾಡಬೇಕು?

ಉಪ್ಪಳ ಟೆಸ್ಟರ್
ಠೇವಣಿ ಕಡೆ ನೋಡಿದ್ದೀರಾ? ಅಲ್ಲೂ ಒಂದು ಕೂಡಿಸುತ್ತದಾ?

ನೀರ್ಚಾಲು ಡೆವಲಪರ್
ನೋಡಿದೆ. ಅಲ್ಲಿ ಕೂಡಿಸಿಲ್ಲ. ಠೇವಣಿಗೆ ದಿನದ ಲೆಕ್ಕ ಸರಿಯಾಗಿದೆ. ಸಾಲಕ್ಕೆ ಮಾತ್ರ ಹೀಗೆ.

ಉಪ್ಪಳ ಟೆಸ್ಟರ್
ಹಾಗಾದರೆ ಅದು ಸೊಸೈಟಿಯ ಪಾಲಿಸಿ ಎಂದು ಯಾರೂ ವಾದಿಸಲು ಆಗುವುದಿಲ್ಲ. ಕೊಡುವಾಗ ಒಂದು ಲೆಕ್ಕ, ತೆಗೆದುಕೊಳ್ಳುವಾಗ ಇನ್ನೊಂದು ಲೆಕ್ಕ.

ಮುಳ್ಳೇರಿಯ ಟು ಬೆಂಗಳೂರು
ಸ್ವಲ್ಪ ತಾಳಿ. ಎಲ್ಲರೂ ಇವರನ್ನು ಹುರಿದುಂಬಿಸುವ ಮೊದಲು ನನ್ನದೊಂದು ಮಾತು. ಕೋಡ್ ಬರೆದದ್ದು ಇವರಲ್ಲ. ತಪ್ಪು ಕಂಡದ್ದನ್ನು ಮೇಲಿನವರಿಗೆ ಹೇಳಿದ್ದಾರೆ. ಕಂಪನಿ ಸರಿ ಮಾಡುತ್ತೇನೆ ಎಂದಿದೆ. ಇವರ ಕರ್ತವ್ಯ ಅಲ್ಲಿಗೆ ಮುಗಿಯಿತು. ಸೊಸೈಟಿಗೆ ಹೇಳುವುದು, ಬಿಡುವುದು ಕಂಪನಿಯ ಮಾಲೀಕರ ತೀರ್ಮಾನ. ಮಂಗಳೂರಿನಲ್ಲಿ ಇರುವುದೇ ಕೆಲವು ಕಂಪನಿ, ಎಲ್ಲರಿಗೂ ಎಲ್ಲರ ಪರಿಚಯ. ಒಮ್ಮೆ ಹೆಸರು ಕೆಟ್ಟರೆ ಮತ್ತೆ ಕೆಲಸ ಸಿಗುವುದು ಕಷ್ಟ. ಮನೆಯಲ್ಲಿ ತಂದೆ ತಾಯಿ, ಸಾಲ, ಎಲ್ಲ ಇರುವವರಿಗೆ ಇದು ಚಿಕ್ಕ ವಿಷಯ ಅಲ್ಲ. ನಾನು ಹೆದರಿಸುತ್ತಿಲ್ಲ, ಇರುವುದನ್ನೇ ಹೇಳುತ್ತಿದ್ದೇನೆ.

ತೋಟದ ಮನೆ
ತಿಂಗಳು ತಿಂಗಳು ಕಟ್ಟುವವಳು ನಾನು. ಕೊಳೆರೋಗ ಬಂದ ವರ್ಷ ಬಳೆ ಇಟ್ಟು ತೆಗೆದ ಸಾಲ. ಒಟ್ಟಿಗೆ ಕಟ್ಟಲು ಆಗುವುದಿಲ್ಲ ಅಂತಲೇ ಅಡಿಕೆ ಮಾರಿದಾಗ, ಹಾಲಿನ ದುಡ್ಡು ಬಂದಾಗ ಹೋಗಿ ಕಟ್ಟುತ್ತೇನೆ. ಬೇಗ ಬೇಗ ಕಟ್ಟಿದರೆ ಬಡ್ಡಿ ಕಮ್ಮಿ ಅಂತ ಕೌಂಟರಿನಲ್ಲಿ ಅವರೇ ಹೇಳಿದ್ದು. ಈಗ ನೋಡಿದರೆ ಹೀಗೆ. 429 ರೂಪಾಯಿ ನಿಮಗೆಲ್ಲ ಚಿಲ್ಲರೆ ಇರಬಹುದು, ನನಗೆ ಒಂದು ತಿಂಗಳ ಕರೆಂಟ್ ಬಿಲ್ಲು. ಮಾಲೀಕರ ತೀರ್ಮಾನ ಅನ್ನುತ್ತೀರಲ್ಲ ಅಣ್ಣ, ದುಡ್ಡು ನಮ್ಮದಲ್ವಾ?

ನಿವೃತ್ತ ಸೆಕ್ರೆಟರಿ
ನಾನು ಸೊಸೈಟಿಯಲ್ಲಿ ಗುಮಾಸ್ತನಾಗಿ ಸೇರಿ ಸೆಕ್ರೆಟರಿಯಾಗಿ ರಿಟೈರ್ ಆದವನು. ಕಂಪ್ಯೂಟರ್ ಬರುವ ಮೊದಲು ಬಡ್ಡಿಯನ್ನು ಕೈಯಲ್ಲೇ ಹಾಕುತ್ತಿದ್ದೆವು. ದೊಡ್ಡ ಲೆಡ್ಜರ್, ಪಕ್ಕದಲ್ಲಿ ಬಡ್ಡಿ ಮೊದಲೇ ಲೆಕ್ಕ ಹಾಕಿಟ್ಟ ರೆಡಿ ರೆಕನರ್ ಪುಸ್ತಕ. ಹೊಸ ಹುಡುಗರಿಗೆ ನಾವು ಹೇಳಿಕೊಡುತ್ತಿದ್ದ ಮೊದಲ ಪಾಠ ಇದೇ: ಸಾಲ ಕೊಟ್ಟ ದಿನ ಹಿಡಿದರೆ ಕಟ್ಟಿದ ದಿನ ಬಿಡಬೇಕು, ಕಟ್ಟಿದ ದಿನ ಹಿಡಿದರೆ ಕೊಟ್ಟ ದಿನ ಬಿಡಬೇಕು. ಎರಡನ್ನೂ ಹಿಡಿದ ಲೆಡ್ಜರ್ ಆಡಿಟ್‌ನಲ್ಲಿ ನಿಲ್ಲುತ್ತಿರಲಿಲ್ಲ. ಆಡಿಟರ್ ಬಂದು ನಾಲ್ಕು ಖಾತೆ ತೆಗೆದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿ ನೋಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಪೆನ್ಸಿಲ್ ಹೋಯಿತು. ಸಿಸ್ಟಮ್ ಹಾಕಿದ ಬಡ್ಡಿ ಸರಿಯೇ ಇರುತ್ತದೆ ಎಂದು ಎಲ್ಲರೂ ನಂಬಿದರು.

ನೀರ್ಚಾಲಿನ ತಮ್ಮನಿಗೆ ಒಂದು ಮಾತು. ಸೊಸೈಟಿಯ ಆಡಳಿತ ಮಂಡಳಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೆ ಸುಮ್ಮನಿರುವವರು ಕಮ್ಮಿ, ಯಾಕೆಂದರೆ ಸಾಲಗಾರರೇ ಅಲ್ಲಿ ಸದಸ್ಯರು, ಮಹಾಸಭೆಯಲ್ಲಿ ಎದ್ದು ನಿಲ್ಲುವವರೂ ಅವರೇ. ಹೇಳಿದರೆ ಅವರಿಗೇ ಉಪಕಾರ.

ಕೌಂಟರ್ ಅಕ್ಕ
ಸೆಕ್ರೆಟರಿಯವರು ಹೇಳಿದ್ದು ನಿಜ. ಆದರೆ ನನ್ನ ಹೆದರಿಕೆ ಬೇರೆ. ಇಂಥದ್ದು ಹೊರಗೆ ಬಂದ ದಿನ ಜನ ಬೈಯುವುದು ಯಾರನ್ನು? ಸಾಫ್ಟ್‌ವೇರ್ ಕಂಪನಿಯನ್ನಲ್ಲ, ಕೌಂಟರಿನಲ್ಲಿ ಕೂತ ನನ್ನನ್ನು. ರಸೀದಿಯಲ್ಲಿ ಸಹಿ ನನ್ನದು. ಒಬ್ಬ ಅಜ್ಜ ಕೈಬೆರಳಿನಲ್ಲಿ ದಿನ ಎಣಿಸಿ, ಒಂದು ದಿನ ಜಾಸ್ತಿ ಆಯಿತಲ್ಲ ಮಗಳೇ ಅಂದಿದ್ದರು. ನಾನು ಸ್ಕ್ರೀನ್ ತಿರುಗಿಸಿ ತೋರಿಸಿದೆ, ಕಂಪ್ಯೂಟರ್ ಹೇಳಿದ್ದು ಇದೇ ಅಂತ. ಅವರು ಮತ್ತೆ ಮಾತಾಡಲಿಲ್ಲ. ನಮ್ಮದು ಇದೇ ಸಾಫ್ಟ್‌ವೇರಾ ಎಂದು ಗೊತ್ತಿಲ್ಲ, ಆದರೆ ಇವತ್ತು ಹೋಗಿ ಅವರ ಖಾತೆ ತೆಗೆದು ನೋಡುತ್ತೇನೆ.

ಉಪ್ಪಳ ಟೆಸ್ಟರ್
ಅಕ್ಕ, ನೀವು ಹೇಳಿದ್ದು ಕೇಳಿ ಬ್ರಿಟನ್ನಿನ ಪೋಸ್ಟ್ ಆಫೀಸಿನ ಪ್ರಕರಣ ನೆನಪಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕೆಲಸದಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ವಿಷಯ.

ಅಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರನ್ನು ಊರೂರಿನ ಅಂಚೆ ಕಚೇರಿಗಳಿಗೆ ಹಾಕಿದರು. ನೋಡಿಕೊಳ್ಳುತ್ತಿದ್ದದ್ದು ಜಪಾನಿನ ಫುಜಿತ್ಸು ಕಂಪನಿ. ದಿನದ ಕೊನೆಗೆ ಲೆಕ್ಕ ಹಾಕಿದರೆ ಇಲ್ಲದ ಕೊರತೆ ತೋರಿಸುತ್ತಿತ್ತು. ಸಾವಿರಗಟ್ಟಲೆ ಪೌಂಡ್ ಕಮ್ಮಿ. ಅಂಚೆ ಕಚೇರಿ ನಡೆಸುವವರು ಸಹಾಯವಾಣಿಗೆ ಫೋನ್ ಮಾಡಿದರೆ, ಈ ತೊಂದರೆ ನಿಮ್ಮೊಬ್ಬರಿಗೇ ಬಂದಿರುವುದು ಎನ್ನುತ್ತಿದ್ದರು. ಕೆಲವರು ಮನೆ ಅಡವಿಟ್ಟು ತುಂಬಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಎಂದು ಶಿಕ್ಷೆಯಾಯಿತು. 2010ರಲ್ಲಿ ಒಬ್ಬ ಗರ್ಭಿಣಿಯನ್ನು ಜೈಲಿಗೆ ಕಳಿಸಿದರು. 555 ಜನ ಸೇರಿ ಕೋರ್ಟಿಗೆ ಹೋಗಿ, 2019ರ ಡಿಸೆಂಬರಿನಲ್ಲಿ ಹೈಕೋರ್ಟು ಸಾಫ್ಟ್‌ವೇರಿನಲ್ಲೇ ದೋಷ ಇತ್ತು ಎಂದಿತು. ಕೊನೆಗೆ 2024ರಲ್ಲಿ ಕಾನೂನೇ ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ಇದರಲ್ಲಿ ನನ್ನನ್ನು ಕಾಡುವುದು ದೋಷ ಇದ್ದದ್ದಲ್ಲ. ದೋಷ ಯಾವ ಸಾಫ್ಟ್‌ವೇರಿನಲ್ಲಿ ಇಲ್ಲ? ಒಳಗಿನ ಕೆಲವರಿಗೆ ಗೊತ್ತಿತ್ತು. ಗೊತ್ತಿದ್ದೂ, ಸಿಸ್ಟಮ್ ಗಟ್ಟಿ ಎಂದು ಕೋರ್ಟಿನಲ್ಲಿ ಹೇಳಿಕೊಂಡೇ ಬಂದರು.

ಮುಳ್ಳೇರಿಯ ಟು ಬೆಂಗಳೂರು
ಅಲ್ಲಿ ಜನ ಜೈಲಿಗೆ ಹೋದರು. ಇಲ್ಲಿ 49 ರೂಪಾಯಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಾ?

ಉಪ್ಪಳ ಟೆಸ್ಟರ್
ಮೊತ್ತ ಒಂದೇ ಅಂತ ನಾನು ಹೇಳಿಲ್ಲ. ಬಚ್ಚಿಡುವ ಕ್ರಮ ಒಂದೇ. ಇನ್ನು ಚಿಕ್ಕ ಮೊತ್ತ ಎಷ್ಟು ದೊಡ್ಡದಾಗುತ್ತದೆ ಅಂತ ಬೇಕಿದ್ದರೆ ವ್ಯಾಂಕೂವರ್ ಶೇರು ಪೇಟೆ ನೋಡಿ. 1982ರಲ್ಲಿ ಸೂಚ್ಯಂಕ 1000ದಿಂದ ಶುರು ಮಾಡಿದರು. ಪ್ರತಿ ಸಲ ಲೆಕ್ಕ ಹಾಕುವಾಗ ಮೂರು ದಶಮಾಂಶದ ಆಚೆಗಿನದ್ದನ್ನು ಕತ್ತರಿಸಿ ಬಿಡುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿ ಮಾಡಿ ನೋಡಿದರೆ ಇರಬೇಕಾದದ್ದು 1098! ದಶಮಾಂಶದ ನಾಲ್ಕನೇ ಅಂಕಿ ಮಾಡಿದ ಕೆಲಸ ಅದು.

ಹೊಸೂರು ಕನ್ನಡಿಗ
ನಾನು ಹೊಸೂರಿನಲ್ಲಿ ವಾಹನದ ಬಿಡಿಭಾಗದ ಕೆಲಸದಲ್ಲಿದ್ದೇನೆ, ಎಂಜಿನ್ ಕಂಟ್ರೋಲರ್ ಸಾಫ್ಟ್‌ವೇರ್. ಮೇಲಿನವರು ಹೇಳಿದರು, ನಾನು ಮಾಡಿದೆ ಎನ್ನುವವರಿಗೆ ಫೋಕ್ಸ್‌ವ್ಯಾಗನ್ ನೆನಪಿಸುತ್ತೇನೆ. ಡೀಸೆಲ್ ಕಾರಿನ ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಸಾಫ್ಟ್‌ವೇರೇ ಗುರುತಿಸುತ್ತಿತ್ತು. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಕಮ್ಮಿ. ರಸ್ತೆಗೆ ಬಂದರೆ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೆ. 2015ರಲ್ಲಿ ಅಮೆರಿಕದ ಪರಿಸರ ಇಲಾಖೆ ಹಿಡಿಯಿತು. ಪ್ರಪಂಚದಲ್ಲಿ ಸುಮಾರು 1.1 ಕೋಟಿ ಕಾರು. 2017ರಲ್ಲಿ ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರಿಗೆ 40 ತಿಂಗಳ ಜೈಲು. ಕಂಪನಿಯ ಬೋರ್ಡಿನಲ್ಲಿ ಕೂತವರಲ್ಲ ಅವರು, ನಮ್ಮ ಹಾಗೆ ಕೆಲಸ ಮಾಡುವವರು. ಆದೇಶ ಬಂದಿತ್ತು ಎಂಬ ಮಾತು ಅವರನ್ನು ಉಳಿಸಲಿಲ್ಲ.

ಮುಳ್ಳೇರಿಯ ಟು ಬೆಂಗಳೂರು
ಅದು ಬೇಕೆಂದೇ ಮಾಡಿದ ಮೋಸ. ನೀರ್ಚಾಲಿನವರು ಹೇಳುತ್ತಿರುವುದು ಯಾರೋ ತಿಳಿಯದೆ ಬರೆದ ಒಂದು ಸಾಲು. ಅಷ್ಟಕ್ಕೂ ಹಳೆ ಕೋಡ್, ಇವರಿಗೆ ಸಂಬಂಧ ಇಲ್ಲ.

ಉಪ್ಪಳ ಟೆಸ್ಟರ್
ಹಳೆ ಕೋಡ್ ಎಂಬ ಮಾತಿಗೆ ಥೆರಾಕ್-25 ಉತ್ತರ. ಕ್ಯಾನ್ಸರಿಗೆ ವಿಕಿರಣ ಕೊಡುವ ಮೆಷಿನ್. ಹಿಂದಿನ ಮಾಡೆಲಿನ ಕೋಡನ್ನೇ ಇದಕ್ಕೂ ತಂದರು. ಹಿಂದಿನದರಲ್ಲಿ ಹಾರ್ಡ್‌ವೇರಿನ ತಡೆ ಇದ್ದದ್ದರಿಂದ ಕೋಡಿನ ದೋಷ ಮುಚ್ಚಿಹೋಗಿತ್ತು. ಹೊಸದರಲ್ಲಿ ಆ ತಡೆ ತೆಗೆದರು. 1985ರಿಂದ 87ರ ಒಳಗೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಬಿತ್ತು, ಕೆಲವರು ಸತ್ತರು. ಈ ಮೆಷಿನ್‌ನಿಂದ ಹಾಗಾಗಲು ಸಾಧ್ಯವೇ ಇಲ್ಲ ಎಂದು ತಯಾರಕರು ಮೊದಲು ಹೇಳಿದ್ದರು. ಕೋಡ್ ಹಳೆಯದಿರಬಹುದು, ಇವತ್ತು ಅದನ್ನು ಓಡಿಸುತ್ತಿರುವುದು ನಾವೇ ಅಲ್ವಾ?

ಎಣ್ಮಕಜೆ ಮಾಷ್ಟ್ರು
ಮಕ್ಕಳೇ, ನನಗೆ ಕೋಡ್ ಗೊತ್ತಿಲ್ಲ. ಆದರೆ ನೀವು ಕೆನಡಾ, ಜರ್ಮನಿ ಎಲ್ಲ ಸುತ್ತಿದಿರಿ, ನಮ್ಮ ಊರಿನದ್ದನ್ನು ಯಾರೂ ಹೇಳಲಿಲ್ಲ.

ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ನಾನು ಇಲ್ಲಿ ಮಾಷ್ಟ್ರಾಗಿದ್ದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೂ ನಡೆಯಿತು. ಹೆಲಿಕಾಪ್ಟರಿನ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು, ನೋಡಲು. ಕೂಗಿ ಒಳಗೆ ಕರೆಯಬೇಕಿತ್ತು. ಗುಡ್ಡದ ಮೇಲೆ ತೋಟ, ಕೆಳಗೆ ತೋಡು, ನೀರಿನ ಸುರಂಗ, ಬಾವಿ. ಮೇಲೆ ಬಿದ್ದದ್ದೆಲ್ಲ ಕೆಳಗೆ ಬರಲೇಬೇಕು. ಪತ್ರಕರ್ತ ಶ್ರೀ ಪಡ್ರೆಯವರು ವಿರೂಪವಾಗಿ ಹುಟ್ಟಿದ ಕರುಗಳ ಬಗ್ಗೆ ಎಂಬತ್ತರ ದಶಕದ ಆರಂಭದಲ್ಲೇ ಬರೆದಿದ್ದರು. ವಾಣೀನಗರದಲ್ಲಿ ಡಾಕ್ಟರ್ ಮೋಹನ ಕುಮಾರ್ ಅವರು, ಒಂದೇ ಕಡೆ ಯಾಕೆ ಇಷ್ಟು ಕಾಯಿಲೆ ಎಂದು ಕೇಳಿದರು. ಆಗ ಪ್ರತಿಯೊಬ್ಬರ ಹತ್ತಿರವೂ ಉತ್ತರ ಇತ್ತು. ಹಾರಿಸುವವನಿಗೆ ಆದೇಶ, ಆದೇಶ ಕೊಟ್ಟವನಿಗೆ ಅನುಮತಿ, ಅನುಮತಿ ಕೊಟ್ಟವನಿಗೆ ಫೈಲು. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

ಅದನ್ನು ಕೋರ್ಟಿಗೆ ಒಯ್ದವರಲ್ಲಿ ಲೀಲಾಕುಮಾರಿ ಅಮ್ಮ ಒಬ್ಬರು. ಅವರು ಯಾರು ಗೊತ್ತಾ? ಕೃಷಿ ಇಲಾಖೆಯದ್ದೇ ನೌಕರಿಯಲ್ಲಿದ್ದವರು. 1998ರಲ್ಲಿ ನಮ್ಮದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ತಂದರು. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದದ್ದು 2017ರ ಜನವರಿಯಲ್ಲಿ. ನೌಕರಿಯಲ್ಲಿದ್ದುಕೊಂಡೇ ಬಾಯಿ ತೆರೆದ ಒಬ್ಬ ಹೆಂಗಸು ಅದಕ್ಕೆ ಎಷ್ಟೋ ವರ್ಷ ಮೊದಲೇ ಇದ್ದರು.

ಮುಳ್ಳೇರಿಯ ಟು ಬೆಂಗಳೂರು
ಮಾಷ್ಟ್ರೇ, ನಮ್ಮ ಮುಳ್ಳೇರಿಯ ಕಡೆಯೂ ಅದನ್ನು ಕಂಡಿದ್ದೇವೆ, ಆ ನೋವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಬಡ್ಡಿಯ ಒಂದು ದಿನಕ್ಕೂ ಅದಕ್ಕೂ ಹೋಲಿಕೆ ಮಾಡಬಾರದು ಅಂತ ನನಗೆ ಅನ್ನಿಸುತ್ತದೆ. ಮಾಡಿದರೆ ಅವರ ನೋವು ಚಿಕ್ಕದಾಗುತ್ತದೆ.

ಎಣ್ಮಕಜೆ ಮಾಷ್ಟ್ರು
ಒಪ್ಪುತ್ತೇನೆ ಮಗಾ, ನೋವಿಗೆ ನೋವು ಹೋಲಿಸಬಾರದು. ನಾನು ಹೇಳಿದ್ದು ಆ ಉತ್ತರಗಳ ಬಗ್ಗೆ. ನನ್ನ ಕೆಲಸ ನಾನು ಮಾಡಿದೆ ಎಂಬ ಉತ್ತರವನ್ನು ಈ ಊರಿನಲ್ಲಿ ಹುಟ್ಟಿದವರು ಅಷ್ಟು ಸುಲಭದಲ್ಲಿ ಕೊಡಬಾರದು.

ಮಂಜೇಶ್ವರ ವಕೀಲ
ಕಾನೂನಿನ ವಿಷಯಕ್ಕೆ ಬರೋಣ. ಎನ್‌ಡಿಎ ಎಂದ ಕೂಡಲೇ ಎಲ್ಲರೂ ಹೆದರುತ್ತಾರೆ. 1872ರ ಕರಾರು ಕಾಯ್ದೆಯ ಸೆಕ್ಷನ್ 23 ಓದಿ. ಮೋಸಕ್ಕೆ, ಕಾನೂನು ವಿರುದ್ಧದ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ ನಿಲ್ಲುವುದಿಲ್ಲ. ಕಂಪನಿಯ ಸೋರ್ಸ್ ಕೋಡ್, ಗ್ರಾಹಕರ ಪಟ್ಟಿ ಇಂಥದ್ದನ್ನು ಹೊರಗೆ ಕೊಟ್ಟರೆ ಖಂಡಿತ ತಪ್ಪು. ಆದರೆ ಸೊಸೈಟಿಗೆ, ನಿಮ್ಮ ಲೆಕ್ಕ ತಪ್ಪಿದೆ ಎಂದು ತಿಳಿಸುವುದನ್ನು ಎನ್‌ಡಿಎ ತಡೆಯುತ್ತದೆ ಎಂದು ಕೋರ್ಟಿನಲ್ಲಿ ವಾದಿಸುವುದು ಕಂಪನಿಗೆ ಕಷ್ಟ.

ಎರಡನೆಯದು, ಸೆಕ್ಷನ್ 72. ತಪ್ಪಿನಿಂದ ಬಂದ ದುಡ್ಡನ್ನು ಪಡೆದವರು ವಾಪಸು ಕೊಡಬೇಕು. ಅಂದರೆ ಸೊಸೈಟಿ ಸದಸ್ಯರಿಗೆ ಕೊಡಬೇಕು. ಮೂರು ವರ್ಷದ ವಾಯಿದೆ ಮುಗಿಯಿತು ಎಂದು ಕೆಲವರು ಹೇಳುತ್ತಾರೆ. ತಪ್ಪಿನ ಪ್ರಕರಣದಲ್ಲಿ ವಾಯಿದೆ ಶುರುವಾಗುವುದು ತಪ್ಪು ಗೊತ್ತಾದ ದಿನದಿಂದ, 1963ರ ಕಾಲಮಿತಿ ಕಾಯ್ದೆ ಸೆಕ್ಷನ್ 17. ಅದಕ್ಕೇ ನೋಡಿ, ಯಾರಿಗೂ ಗೊತ್ತಾಗದಂತೆ ಸರಿ ಮಾಡು ಎಂಬ ಮಾತು ಅಷ್ಟು ಗಂಭೀರ. ಮೊದಲು ಯಾರಿಗೂ ಗೊತ್ತಿರಲಿಲ್ಲ, ಅದು ತಿಳಿಯದೆ ಆದ ತಪ್ಪು. ಈಗ ಮ್ಯಾನೇಜರಿಗೆ ಗೊತ್ತು. ಗೊತ್ತಿದ್ದೂ ಮುಚ್ಚಿಟ್ಟರೆ ಕಾನೂನು ಅದನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಇನ್ನೊಂದು ಉಪಯೋಗದ ವಿಷಯ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕು ಬಡ್ಡಿ ಹಾಕುವ ಬಗ್ಗೆಯೇ ಒಂದು ಸುತ್ತೋಲೆ ಕಳಿಸಿತು. ಕೆಲವು ಕಡೆ ಸಾಲದ ದುಡ್ಡು ಕೈಗೆ ಕೊಡುವ ಮೊದಲಿನಿಂದಲೇ ಬಡ್ಡಿ, ತಿಂಗಳ ನಡುವೆ ಕಟ್ಟಿದರೂ ಇಡೀ ತಿಂಗಳ ಬಡ್ಡಿ ಹಾಕುತ್ತಿದ್ದದ್ದು ತಪಾಸಣೆಯಲ್ಲಿ ಸಿಕ್ಕಿತ್ತು. ಹಾಗೆ ಜಾಸ್ತಿ ತೆಗೆದದ್ದನ್ನು ವಾಪಸು ಕೊಡಿಸಿದ್ದೇವೆ ಎಂದು ಅದರಲ್ಲೇ ಇದೆ. ಪ್ರಾಥಮಿಕ ಸೊಸೈಟಿಗಳು ನೇರವಾಗಿ ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ, ಅವುಗಳಿಗೆ ಸಹಕಾರ ಇಲಾಖೆಯ ರಿಜಿಸ್ಟ್ರಾರ್. ಆದರೂ ನ್ಯಾಯದ ಅಳತೆ ಏನು ಎಂದು ಕೇಳಿದರೆ ಆ ಸುತ್ತೋಲೆ ತೋರಿಸಬಹುದು.

ತೋಟದ ಮನೆ
ವಕೀಲರೇ, ಬಾಯಿ ತೆರೆದವರ ಕೆಲಸ ಹೋದರೆ ಕಾನೂನು ಕಾಪಾಡುತ್ತದಾ?

ಮಂಜೇಶ್ವರ ವಕೀಲ
ಅಲ್ಲಿ ನಮ್ಮ ಕಾನೂನು ಬಡವಾಗಿದೆ. ತಪ್ಪನ್ನು ಬಯಲಿಗೆ ತರುವವರಿಗಾಗಿ ಮಾಡಿದ 2014ರ ವಿಸಲ್ ಬ್ಲೋವರ್ ಕಾಯ್ದೆ ಸರ್ಕಾರಿ ನೌಕರರ ಭ್ರಷ್ಟಾಚಾರದ ದೂರಿಗೆ. 2013ರ ಕಂಪನಿ ಕಾಯ್ದೆಯಲ್ಲಿ ದೂರು ಕೊಡುವ ವ್ಯವಸ್ಥೆ ಇರಬೇಕು ಎಂದಿದ್ದರೂ ಅದು ಮುಖ್ಯವಾಗಿ ಶೇರು ಪೇಟೆಯಲ್ಲಿರುವ, ಠೇವಣಿ ತೆಗೆದುಕೊಳ್ಳುವ, ದೊಡ್ಡ ಸಾಲ ಇರುವ ಕಂಪನಿಗಳಿಗೆ. ಇವರದ್ದು ಚಿಕ್ಕ ಕಂಪನಿ. ಹಾಗಾಗಿ ಮುಳ್ಳೇರಿಯದವರ ಎಚ್ಚರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೆಜ್ಜೆ ನೋಡಿ ಇಡಬೇಕು.

ಪೊವ್ವಲ್ ವಿದ್ಯಾರ್ಥಿ
ಎಂಜಿನಿಯರಿಂಗ್ ಕೊನೆ ವರ್ಷ. ನಮಗೆ ಒಂದು ಪಾಠ ಇತ್ತು, 1999ರಲ್ಲಿ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಎಂಬ ಕಂಪ್ಯೂಟರ್ ಕ್ಷೇತ್ರದವರ ಎರಡು ಸಂಘಗಳು ಸೇರಿ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಮಾಡಿದ ನೀತಿ ನಿಯಮ. ಎಂಟು ತತ್ವ. ಮೊದಲನೆಯದು ಸಾರ್ವಜನಿಕ ಹಿತ, ಗ್ರಾಹಕ ಮತ್ತು ಮಾಲೀಕರು ಎರಡನೆಯದು. ಗುಟ್ಟು ಕಾಪಾಡಬೇಕು ಎಂದೂ ಇದೆ, ಆದರೆ ಸಾರ್ವಜನಿಕ ಹಿತಕ್ಕೂ ಕಾನೂನಿಗೂ ಹೊಂದುವಷ್ಟು ಮಾತ್ರ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಇಲ್ಲಿ ಓದಿದ ಮೇಲೆ ಅದು ಯಾಕೆ ಹಾಗೆ ಬರೆದಿದ್ದಾರೆ ಎಂದು ಗೊತ್ತಾಯಿತು.

ಹೊಸೂರು ಕನ್ನಡಿಗ
ನಿಯಮ ಚೆನ್ನಾಗಿದೆ ತಮ್ಮ. ಆದರೆ ಮುರಿದರೆ ಏನಾಗುತ್ತದೆ? ತಪ್ಪು ಮಾಡಿದ ವಕೀಲರನ್ನು ಬಾರ್ ಕೌನ್ಸಿಲ್ ತೆಗೆದುಹಾಕಬಹುದು, ಡಾಕ್ಟರ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು. ನಮಗೆ ಭಾರತದಲ್ಲಿ ಲೈಸೆನ್ಸೇ ಇಲ್ಲ. ಲೈಸೆನ್ಸ್ ಇದ್ದಿದ್ದರೆ ನೀರ್ಚಾಲಿನವರು ಮ್ಯಾನೇಜರಿಗೆ, ಇದನ್ನು ಮುಚ್ಚಿಟ್ಟರೆ ನನ್ನ ಲೈಸೆನ್ಸ್ ಹೋಗುತ್ತದೆ, ಆಗುವುದಿಲ್ಲ ಎನ್ನಬಹುದಿತ್ತು. ಇಲ್ಲ ಎನ್ನಲು ಒಂದು ಬಲ ಸಿಗುತ್ತಿತ್ತು.

ಉಪ್ಪಳ ಟೆಸ್ಟರ್
ಲೈಸೆನ್ಸ್ ಬಂದರೆ ಡಿಗ್ರಿ ಇಲ್ಲದೆ ಸ್ವಂತ ಕಲಿತು ಬಂದ ಎಷ್ಟೋ ಹುಡುಗರು ಹೊರಗೆ ಬೀಳುತ್ತಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ದುಡ್ಡು, ಆಸ್ಪತ್ರೆ, ವಾಹನ ಇಂಥ ಕೆಲಸಕ್ಕೆ ಮಾತ್ರ ಬೇಕಾದರೆ ಯೋಚಿಸಬಹುದು.

ಪೊವ್ವಲ್ ವಿದ್ಯಾರ್ಥಿ
ಇನ್ನು ಮುಂದೆ ಕೋಡ್ ಅರ್ಧಕ್ಕರ್ಧ ಎಐ ಬರೆಯುತ್ತದೆ. ಆಗ ಯಾರನ್ನು ಕೇಳುವುದು?

ಉಪ್ಪಳ ಟೆಸ್ಟರ್
ನೋಡಿ, ಓಕೆ ಒತ್ತಿ, ಗ್ರಾಹಕರಿಗೆ ಕಳಿಸಿದವರನ್ನು. ಬೇರೆ ಯಾರನ್ನು?

ಕೌಂಟರ್ ಅಕ್ಕ
ನಡುವೆ ಒಂದು ವಿಷಯ ಹೇಳಲೇಬೇಕು. ಬಡ್ಡಿ ಕಟ್ಟಿದ ಕೂಡಲೇ ಸದಸ್ಯರ ಫೋನಿಗೆ ಮೆಸೇಜ್ ಹೋಗುತ್ತದೆ. ಇಂಗ್ಲಿಷ್, ಇಲ್ಲದಿದ್ದರೆ ಮಲಯಾಳ. ನಮ್ಮ ಕಡೆಯ ಹಿರಿಯರು ಓದಿದ್ದು ಕನ್ನಡ ಶಾಲೆಯಲ್ಲಿ. ಮೆಸೇಜ್ ಬಂದರೆ ಫೋನ್ ನನ್ನ ಕೈಗೆ ಕೊಟ್ಟು, ಎಂತ ಉಂಟು ನೋಡು ಎನ್ನುತ್ತಾರೆ. ದಿನ, ಬಡ್ಡಿ, ಅಸಲು ಎಂದು ಕನ್ನಡದಲ್ಲಿ ಬಿಡಿಸಿ ಬರೆದಿದ್ದರೆ ಈ ತಪ್ಪನ್ನು ಅವರೇ ಯಾವಾಗಲೋ ಹಿಡಿಯುತ್ತಿದ್ದರು. ಬಡ್ಡಿ ಲೆಕ್ಕದಲ್ಲಿ ಅವರು ನಮಗಿಂತ ಹುಷಾರು.

ಎಣ್ಮಕಜೆ ಮಾಷ್ಟ್ರು
ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು ಎಂದಿದೆ. ಕಾಗದದ ಕಾಲದಲ್ಲಿ ಜಗಳ ಮಾಡಿಯಾದರೂ ಕನ್ನಡ ಫಾರಂ ತರಿಸುತ್ತಿದ್ದೆವು. ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ, ಸಾಫ್ಟ್‌ವೇರಿನಲ್ಲಿ ಇಲ್ಲ ಮಾಷ್ಟ್ರೇ ಎಂಬ ಒಂದೇ ಉತ್ತರ. ಇಲ್ಲ ಎಂದರೆ ಯಾರೋ ಹಾಕಲಿಲ್ಲ ಎಂದು ತಾನೇ?

ನೀರ್ಚಾಲು ಡೆವಲಪರ್
ಮಾಷ್ಟ್ರೇ, ನಿಜ. ಸಾಫ್ಟ್‌ವೇರಿನಲ್ಲಿ ಕನ್ನಡ ತರಲು ಅಂಥ ದೊಡ್ಡ ಕೆಲಸ ಏನೂ ಇಲ್ಲ. ಕನ್ನಡ ಅಕ್ಷರ ತೋರಿಸಲು ಯುನಿಕೋಡ್ ಇದೆ, ಮೆಸೇಜಿನ ಮಾದರಿ ಒಂದು ಜಾಸ್ತಿ ಬರೆಯಬೇಕು ಅಷ್ಟೇ. ಯಾರೂ ಕೇಳಲಿಲ್ಲ ಎಂದು ಹಾಕಿಲ್ಲ. ಬಡ್ಡಿಯ ಬಗ್ಗೆಯೂ ಮ್ಯಾನೇಜರ್ ಹೇಳಿದ್ದು ಅದೇ ಮಾತು, ಯಾರೂ ಕೇಳಿಲ್ಲ.

ಉಪ್ಪಳ ಟೆಸ್ಟರ್
ನೀರ್ಚಾಲಿನವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಬಾಯಿಮಾತು ಬಿಡಿ, ಆಫೀಸಿನ ಮೇಲ್‌ನಲ್ಲಿ ಮ್ಯಾನೇಜರಿಗೆ ಬರೆಯಿರಿ. ಸಿಟ್ಟು, ಆರೋಪ ಬೇಡ. ಕೋಡಿನ ಯಾವ ಫಂಕ್ಷನ್, ಯಾವ ಸಾಲು, ನೀವು ಇಲ್ಲಿ ಕೊಟ್ಟ 2 ಲಕ್ಷದ ಉದಾಹರಣೆ, ಠೇವಣಿ ಕಡೆ ಲೆಕ್ಕ ಬೇರೆ ಇರುವುದು. ಕೊನೆಗೆ ಎರಡು ಕೆಲಸ ಕೇಳಿ. ಸೊಸೈಟಿಗಳಿಗೆ ಲಿಖಿತವಾಗಿ ತಿಳಿಸಬೇಕು. ಹಳೆ ಖಾತೆಗಳಿಗೆ ಮತ್ತೆ ಲೆಕ್ಕ ಹಾಕುವ ರಿಪೋರ್ಟ್ ನಾವೇ ಮಾಡಿಕೊಡಬೇಕು. ಆ ರಿಪೋರ್ಟ್ ನಾನೇ ಬರೆಯುತ್ತೇನೆ ಎಂದು ಹೇಳಿ. ಕೆಲಸ ಹೊತ್ತುಕೊಳ್ಳುವವರನ್ನು ತಳ್ಳುವುದು ಅಷ್ಟು ಸುಲಭ ಅಲ್ಲ.

ಗ್ರಾಹಕರ ಖಾತೆಯ ವಿವರ ಒಂದನ್ನೂ ಮನೆಗೆ ತರಬೇಡಿ, ಫೋನಿನಲ್ಲಿ ಫೋಟೋ ಹೊಡೆಯಬೇಡಿ. 2023ರ ಡೇಟಾ ಕಾಯ್ದೆ ಇದೆ, ಅದಕ್ಕಿಂತ ಮೊದಲು ಅದು ಅವರ ಗುಟ್ಟು. ಮ್ಯಾನೇಜರ್ ಒಪ್ಪದಿದ್ದರೆ ಮಾಲೀಕರಿಗೆ. ಅಲ್ಲೂ ಆಗದಿದ್ದರೆ ಮಾತ್ರ ಸೊಸೈಟಿಗೆ.

ಮುಳ್ಳೇರಿಯ ಟು ಬೆಂಗಳೂರು
ಇದನ್ನು ನಾನೂ ಒಪ್ಪುತ್ತೇನೆ. ಮೊದಲಿಗೇ ಸೊಸೈಟಿಗೆ ಓಡಬೇಡಿ ಎನ್ನುವುದು ನನ್ನ ಮಾತಾಗಿತ್ತು. ಮಾಲೀಕರಿಗೆ ವ್ಯಾಪಾರದ ಭಾಷೆಯಲ್ಲೂ ಹೇಳಬಹುದು: ಇವತ್ತು ನಾವೇ ಹೇಳಿದರೆ ಸೊಸೈಟಿ ನಮ್ಮ ಜೊತೆ ಉಳಿಯುತ್ತದೆ, ನಾಳೆ ಆಡಿಟರ್ ಹಿಡಿದರೆ ಒಂದೂ ಉಳಿಯುವುದಿಲ್ಲ. ಬೇಕಾದರೆ ಮೇಲ್‌ನ ಕರಡು ನನಗೆ ಕಳಿಸಿ, ನೋಡಿಕೊಡುತ್ತೇನೆ. ಮತ್ತೆ, ಬೆಂಗಳೂರಿನಲ್ಲಿ ಕೆಲಸ ಬೇಕಾದರೆ ನನ್ನ ರೆಫರೆನ್ಸ್ ಇದೆ. ನಿಜವಾಗಿ ಹೇಳುತ್ತಿದ್ದೇನೆ.

ನೀರ್ಚಾಲು ಡೆವಲಪರ್
ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಮೇಲ್ ಕಳಿಸಿದೆ. ಮುಳ್ಳೇರಿಯದ ಅಣ್ಣ ಕರಡು ತಿದ್ದಿಕೊಟ್ಟರು. ಮ್ಯಾನೇಜರಿಗೆ ಸಿಟ್ಟು ಬಂದಿದೆ, ಮುಖ ಕೊಟ್ಟು ಮಾತಾಡುತ್ತಿಲ್ಲ. ಆದರೆ ಮಾಲೀಕರು ಕರೆದರು. ಉದಾಹರಣೆಯ ಲೆಕ್ಕವನ್ನು ಕಾಗದದಲ್ಲಿ ಮತ್ತೆ ಮಾಡಿಸಿದರು. ಆಮೇಲೆ ಹಳೆ ಖಾತೆಗಳ ರಿಪೋರ್ಟ್ ಮಾಡು ಎಂದರು. ಸೊಸೈಟಿಗೆ ಬರೆಯುವುದನ್ನು ರಿಪೋರ್ಟ್ ನೋಡಿ ತೀರ್ಮಾನಿಸೋಣ ಎಂದಿದ್ದಾರೆ. ಬರೆಯಲೇಬೇಕು ಎಂದು ನಾನು ಹೇಳಿದ್ದೇನೆ. ಅದು ಆಗದಿದ್ದರೆ ಅಲ್ಲಿ ಮುಂದುವರಿಯುವ ಮನಸ್ಸಿಲ್ಲ, ಹೇಳಬೇಕಾದ ಕಡೆ ಹೇಳಿಯೇ ಹೊರಡುತ್ತೇನೆ.

ಕೌಂಟರ್ ಅಕ್ಕ
ನಮ್ಮಲ್ಲಿ ಆ ಅಜ್ಜನ ಖಾತೆ ತೆಗೆದು ನೋಡಿದೆ. ಒಂದು ದಿನ ಜಾಸ್ತಿಯೇ ಇದೆ. ಸೆಕ್ರೆಟರಿಗೆ ಬರೆದು ಕೊಟ್ಟಿದ್ದೇನೆ, ನಕಲು ನನ್ನ ಹತ್ತಿರ ಉಂಟು.

ನಿವೃತ್ತ ಸೆಕ್ರೆಟರಿ
ಒಳ್ಳೆ ಕೆಲಸ ಮಾಡಿದಿರಿ ಇಬ್ಬರೂ. ರಿಪೋರ್ಟ್ ಮಾಡುವಾಗ ಒಂದು ನೆನಪಿಡಿ ತಮ್ಮ. ಈಗ ನಡೆಯುತ್ತಿರುವ ಸಾಲ ಮಾತ್ರ ತೆಗೆದರೆ ಸಾಲದು. ಕಟ್ಟಿ ಮುಗಿಸಿದ ಖಾತೆಗಳೂ ಬರಬೇಕು, ಜಾಸ್ತಿ ಹೋದದ್ದು ಅಲ್ಲೇ. ನವೀಕರಿಸಿದ ಸಾಲಕ್ಕೆ ಹೊಸ ನಂಬರ್ ಬೀಳುತ್ತದೆ, ಹಳೆ ನಂಬರಿನ ಜೊತೆ ಕೂಡಿಸಿ ನೋಡಿ. ಸದಸ್ಯರು ತೀರಿಕೊಂಡಿದ್ದರೆ ನಾಮಿನಿಯ ಹೆಸರು ಬೇರೆ ಕಾಲಮ್‌ನಲ್ಲಿ ಹಾಕಿ. ಇಲ್ಲದಿದ್ದರೆ ಆ ದುಡ್ಡನ್ನು ಕೇಳಲು ಯಾರೂ ಬರುವುದಿಲ್ಲ.

ನೀರ್ಚಾಲು ಡೆವಲಪರ್
ನಾಮಿನಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಳೆ ಖಾತೆಗಳಲ್ಲಿ ಆ ಮಾಹಿತಿ ಬೇರೆ ಟೇಬಲ್‌ನಲ್ಲಿದೆ, ಇವತ್ತೇ ಸೇರಿಸುತ್ತೇನೆ. ಕೆಲವು ಸೊಸೈಟಿಗಳು ಕಂಪ್ಯೂಟರಿಗೆ ಬರುವಾಗ ನಾಮಿನಿ ಹಾಕಿಯೇ ಇಲ್ಲ. ಅಂಥವರನ್ನು ಹಳೆ ಅರ್ಜಿಯಿಂದ ಹುಡುಕಬಹುದಾ?

ನಿವೃತ್ತ ಸೆಕ್ರೆಟರಿ
ಸದಸ್ಯತ್ವದ ಅರ್ಜಿಯಲ್ಲಿ ಇರುತ್ತದೆ. ಕಟ್ಟು ಕಟ್ಟಿ ಅಟ್ಟದಲ್ಲಿ ಇಟ್ಟಿರುತ್ತಾರೆ, ಬಿಸಾಡಿರುವುದಿಲ್ಲ. ಸೊಸೈಟಿಗೆ ಬರೆಯುವ ಕಾಗದದಲ್ಲೇ ಅದನ್ನೂ ಕೇಳಿ.